ಹೆಗ್ಗಣ ಕಂಡಿತಾ? ಪಾಷಾಣ ತರುವ ಮೊದಲು ನೆಲ ನೋಡಿ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಹೆಗ್ಗಣ ಅಂದರೆ ಯಾರೂ ಬೆಚ್ಚಿ ಬೀಳುವುದಿಲ್ಲ. ತುಂಗಭದ್ರೆಯ ಕಾಲುವೆ ಹರಿದಲ್ಲೆಲ್ಲ ನೆಲ್ಲು ಬಂತು, ನೆಲ್ಲು ಬಂದಲ್ಲಿ ಅಕ್ಕಿ ಗಿರಣಿ ಬಂತು. ಇವೆರಡೂ ಇದ್ದಲ್ಲಿ ಹೆಗ್ಗಣಕ್ಕೆ ಏನು ಕಡಿಮೆ? ಆದರೂ ವಾಟ್ಸಾಪ್‌ನಲ್ಲಿ ‘ಹೊರದೇಶದ ದೈತ್ಯ ಇಲಿ ನಮ್ಮೂರಿಗೂ ಬಂತು’ ಅಂತ ಒಂದು ಫೋಟೊ ಓಡಾಡಿದ ಕೂಡಲೇ ಜನ ಅಂಗಡಿಗೆ ಹೋಗಿ ಕೈಗೆ ಸಿಕ್ಕ ಪಾಷಾಣ ತರುತ್ತಾರೆ. ಮೂಲೆಗೆ ಎಸೆಯುತ್ತಾರೆ. ನಾಲ್ಕು ದಿನ ಸದ್ದಿರುವುದಿಲ್ಲ. ಆಮೇಲೆ ಬಚ್ಚಲ ಪಕ್ಕ ಮತ್ತೆ ಹೊಸ ಮಣ್ಣಿನ ಗುಡ್ಡೆ.

ಹೆಗ್ಗಣ ನೆಲ ಅಗೆದು ಬದುಕುವ ಪ್ರಾಣಿ. ಬಿಲ, ಚರಂಡಿ, ಕಾಳು ಮೂರನ್ನೂ ಹಾಗೇ ಬಿಟ್ಟು ಒಂದನ್ನು ಕೊಂದರೆ, ಖಾಲಿ ಆದ ಬಿಲಕ್ಕೆ ಪಕ್ಕದ ಓಣಿಯದು ಬಂದು ಸೇರುತ್ತದೆ. ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ವಿಷ ಕೊನೆಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅಲ್ಲಿಯ ತನಕ ಹೋಗುವುದೇ ಬೇಕಾಗುವುದಿಲ್ಲ.

ಮೊದಲು: ಕಂಡದ್ದು ಏನು?

ನಮ್ಮಲ್ಲಿ ಹೆಗ್ಗಣ ಎರಡು ಜಾತಿ. ಗದ್ದೆ ಬದುವಿನಲ್ಲಿ, ಗಿರಣಿ ಗೋದಾಮಿನಲ್ಲಿ ಜಾಸ್ತಿ ಕಾಣುವುದು ಸಣ್ಣ ಹೆಗ್ಗಣ. ತೂಕ ಸುಮಾರು 200ರಿಂದ 300 ಗ್ರಾಂ. ಊರೊಳಗೆ ಚರಂಡಿ, ಹಿತ್ತಲು, ದನದ ಕೊಟ್ಟಿಗೆ ಹತ್ತಿರ ಓಡಾಡುವುದು ದೊಡ್ಡದು. ಚೆನ್ನಾಗಿ ತಿಂದು ಬೆಳೆದದ್ದು ಒಂದು ಕೆಜಿ ತನಕ ತೂಗುತ್ತದೆ. ಮೂತಿಯಿಂದ ಬಾಲದ ತುದಿಗೆ ಅಳೆದರೆ ಹತ್ತಿರ ಹತ್ತಿರ ಎರಡು ಅಡಿ. ಮೂತಿ ಮೊಂಡು, ಮೈ ಕಪ್ಪು ಕಂದು, ಬೆನ್ನ ಮೇಲೆ ಒರಟು ಉದ್ದ ಕೂದಲು. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ಕೂದಲು ನಿಗುರಿಸಿಕೊಂಡು ನಿಂತರೆ ಇನ್ನೂ ದಪ್ಪ ಕಾಣುತ್ತದೆ. ‘ಐದು ಕೆಜಿ ಇತ್ತು’ ಅನ್ನುವ ಮಾತು ಹುಟ್ಟುವುದು ಇಲ್ಲೇ.

ಎರಡೂ ಇದೇ ನೆಲದ ಪ್ರಾಣಿಗಳು, ಹೊರಗಿನಿಂದ ಬಂದವಲ್ಲ. ಫೋಟೊದಲ್ಲಿ ಬರುವ ಭಾರಿ ಇಲಿ ಎಷ್ಟೋ ಸಲ ಆಫ್ರಿಕಾದ ಚೀಲಗೆನ್ನೆ ಇಲಿ. ಅದಕ್ಕೆ ನೆಲಬಾಂಬಿನ ವಾಸನೆ ಹಿಡಿಯುವ ತರಬೇತಿ ಕೊಡುತ್ತಾರೆ. ಮಗಾವಾ ಅನ್ನುವ ಅಂಥ ಒಂದು ಇಲಿಗೆ ಕಾಂಬೋಡಿಯಾದಲ್ಲಿ ಮಾಡಿದ ಕೆಲಸಕ್ಕೆ 2020ರಲ್ಲಿ ಚಿನ್ನದ ಪದಕ ಸಿಕ್ಕಿತು. ಅದರ ಹತ್ತಿರದ ಇನ್ನೊಂದು ಜಾತಿಯನ್ನು ಸಾಕಲು ತಂದು ಕೈಬಿಟ್ಟಿದ್ದರಿಂದ ಅಮೆರಿಕದ ಫ್ಲಾರಿಡಾದ ಒಂದು ದ್ವೀಪದಲ್ಲಿ ಅದು ಪಿಡುಗಾಯಿತು. ನಮ್ಮ ರಾಯಚೂರು, ಕೊಪ್ಪಳದ ಚರಂಡಿಯಲ್ಲಿ ಅದನ್ನು ಹುಡುಕಬೇಡಿ.

ಹೆಗ್ಗಣ ಅಂದುಕೊಂಡು ಬೇರೆ ಪ್ರಾಣಿಯನ್ನು ಹೊಡೆಯುವುದೂ ಇದೆ. ಮೂತಿ ಚೂಪಾಗಿದ್ದು, ಗೋಡೆ ಅಂಚಿಗೇ ಚೀಂ ಚೀಂ ಅನ್ನುತ್ತ ಓಡಿ, ಹೋದಮೇಲೆ ಗಬ್ಬು ವಾಸನೆ ಉಳಿದರೆ ಅದು ಮೂಗಿಲಿ. ಜಿರಳೆ, ಹುಳ ತಿನ್ನುತ್ತದೆ. ಬಾಗಿಲು ತೆಗೆದು ಹೊರಗೆ ಬಿಡಿ, ಸಾಕು. ಹಗಲು ಹೊತ್ತು ಬೇಲಿ ದಾಟುವ ಬೂದು ಬಣ್ಣದ್ದು ಮುಂಗುಸಿ. ರಾತ್ರಿ ಮಾಳಿಗೆ ಮೇಲೆ ಧಡಧಡ ಸದ್ದು ಮಾಡಿ, ಉದ್ದ ಬಾಲ ಬಿಟ್ಟುಕೊಂಡು ಗೋಡೆ ಹತ್ತುವುದು ಪುನುಗು ಬೆಕ್ಕು. ದೊಡ್ಡ ಹೆಗ್ಗಣ ಗೋಡೆ ಹತ್ತುವುದರಲ್ಲಿ ದಡ್ಡ. ಸದ್ದು ಮೇಲಿನಿಂದ ಬಂದರೆ ಅದು ಹೆಗ್ಗಣ ಆಗಿರುವುದು ಕಡಿಮೆ. ಮುಂಗುಸಿ, ಪುನುಗು ಬೆಕ್ಕು, ಉಡ, ಕೇರೆ ಹಾವು ಇವಕ್ಕೆಲ್ಲ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅದೂ ಅಲ್ಲದೆ ಇವು ಇಲಿ ತಿನ್ನುವ ಪ್ರಾಣಿಗಳು. ಹೊಡೆದರೆ ನಷ್ಟ ನಮಗೇ. ಮನೆಯೊಳಗೆ ಸಿಕ್ಕಿಕೊಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಎದುರಿಗೇ ಬಂದು ನಿಂತರೆ

ಅಟ್ಟಿಸಿಕೊಂಡು ಹೋಗಿ ಮೂಲೆಗೆ ಒತ್ತಬೇಡಿ. ದಾರಿ ಇದ್ದರೆ ಹೆಗ್ಗಣ ಓಡುತ್ತದೆ, ದಾರಿ ಇಲ್ಲದಿದ್ದರೆ ಗುರ್ ಅಂತ ಎದುರು ಬೀಳುತ್ತದೆ. ಮಕ್ಕಳನ್ನು, ನಾಯಿಯನ್ನು ಬೇರೆ ಕೋಣೆಗೆ ಕಳಿಸಿ. ಒಳಮನೆಯ ಬಾಗಿಲು ಮುಚ್ಚಿ, ಹೊರಬಾಗಿಲು ತೆಗೆಯಿರಿ. ಒಂದು ಹಲಗೆಯನ್ನೋ ರಟ್ಟನ್ನೋ ಅಡ್ಡ ಹಿಡಿದು, ಗೋಡೆಗುಂಟ ಬಾಗಿಲ ಕಡೆ ನಿಧಾನ ನೂಕುತ್ತ ಬನ್ನಿ. ಅದು ನಡು ಮನೆಯಲ್ಲಿ ಓಡುವುದಿಲ್ಲ, ಗೋಡೆ ಅಂಚು ಹಿಡಿದೇ ಹೋಗುತ್ತದೆ. ಬರಿಗೈಯಲ್ಲಿ ಬಾಲ ಹಿಡಿಯುವ ಸಾಹಸ ಯಾರೂ ಮಾಡಬೇಡಿ. ಚಪ್ಪಲಿಯಲ್ಲಿ ಹೊಡೆಯುವುದೂ ಅಷ್ಟೇ, ಗಾಯಗೊಂಡದ್ದು ಅಕ್ಕಿ ಚೀಲದ ಹಿಂದೆ ಸೇರಿ ಅಲ್ಲೇ ಸತ್ತರೆ ಮನೆ ಮಂದಿ ವಾರಗಟ್ಟಲೆ ಮೂಗು ಮುಚ್ಚಿಕೊಂಡಿರಬೇಕು.

ಅದು ಹೊರಗೆ ಹೋದ ಮೇಲೆ ಎಲ್ಲರೂ ಬಾಗಿಲು ಹಾಕಿ ಮಲಗಿಬಿಡುತ್ತಾರೆ. ಆದರೆ ಕೆಲಸ ಶುರು ಆಗಬೇಕಾದದ್ದು ಅಲ್ಲಿಂದಲೇ: ಅದು ಯಾವ ದಾರಿಯಲ್ಲಿ ಬಂತು?

ದಾರಿ ಹುಡುಕುವುದು

ನಮ್ಮ ಕಡೆ ಹಳೇ ಮನೆಗಳಿಗೆ ಶಹಾಬಾದ್ ಪರಶಿ ಹಾಕಿರುತ್ತಾರೆ. ಪರಶಿ ಕೆಳಗೆ ಮರಳು ಇಲ್ಲವೇ ಗರಸು. ಹೆಗ್ಗಣಕ್ಕೆ ಅದನ್ನು ತೋಡುವುದು ಲೆಕ್ಕಕ್ಕೇ ಇಲ್ಲ. ಒಂದು ಕೋಲು ತಗೊಂಡು ಬಚ್ಚಲಿನಿಂದ ಶುರು ಮಾಡಿ ಒಂದೊಂದೇ ಕಲ್ಲು ಕುಟ್ಟಿ ನೋಡಿ. ಗಟ್ಟಿ ನೆಲದ ಮೇಲಿನ ಕಲ್ಲು ಟಕ್ ಅನ್ನುತ್ತದೆ. ಕೆಳಗೆ ಪೊಳ್ಳಾಗಿದ್ದರೆ ದನಿ ದಪ್ಪವಾಗಿ ಬರುತ್ತದೆ. ಪೊಳ್ಳು ದನಿ ಬಂದ ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದರೆ ಸುರಂಗದ ದಾರಿ ನೆಲದ ಮೇಲೆ ಗೆರೆಯಾಗಿ ಮೂಡುತ್ತದೆ. ಸಾಮಾನ್ಯವಾಗಿ ಅದರ ಒಂದು ತುದಿ ಬಚ್ಚಲ ಮೋರಿಯಲ್ಲಿ, ಇನ್ನೊಂದು ಅಡುಗೆಮನೆಯಲ್ಲೋ ಕಾಳಿನ ಕೋಣೆಯಲ್ಲೋ ಇರುತ್ತದೆ.

ಹೊರಗೆ ಗೋಡೆ ಬುಡದಲ್ಲಿ ಸಡಿಲ ಮಣ್ಣಿನ ಗುಡ್ಡೆ ನೋಡಿ. ಬಾಯಿ ಮುಚ್ಚಿದೆ ಅಂತ ಬಿಲ ಖಾಲಿ ಅಂದುಕೊಳ್ಳಬೇಡಿ, ಸಣ್ಣ ಹೆಗ್ಗಣ ಒಳಗೆ ಇದ್ದುಕೊಂಡೇ ಬಿಲದ ಬಾಯಿಗೆ ಮಣ್ಣು ತುಂಬುತ್ತದೆ. ಸಂಜೆ ಕಂಡ ಬಿಲಗಳನ್ನೆಲ್ಲ ಹಸಿ ಮಣ್ಣಿನಿಂದ ಮೆತ್ತಿ. ಬೆಳಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ವಾಸ ಇದೆ. ಹತ್ತು ಬಿಲ ಇದ್ದರೆ ಎರಡು ಮೂರರಲ್ಲಿ ಮಾತ್ರ ಜೀವ ಇರಬಹುದು. ಇದು ತಿಳಿದರೆ ಮುಂದಿನ ಖರ್ಚು ಎಷ್ಟೋ ಉಳಿಯುತ್ತದೆ.

ರಾಯಚೂರಿನ ಬೇಸಿಗೆಯಲ್ಲಿ ಇನ್ನೊಂದು ದಾರಿ ಹುಟ್ಟಿಕೊಳ್ಳುತ್ತದೆ: ಕೂಲರ್. ಪೈಪು ತೂರಿಸಲು ಕಿಟಕಿ ಜಾಲರಿ ಕತ್ತರಿಸಿರುತ್ತಾರೆ, ಕೆಳಗೆ ನೀರು ಸೋರುತ್ತಿರುತ್ತದೆ. 40 ಡಿಗ್ರಿ ದಾಟಿದ ಬಿಸಿಲಿಗೆ ಹೊರಗೆ ನೀರಿಲ್ಲದ ಇಲಿಗೆ ಇದಕ್ಕಿಂತ ಏನು ಬೇಕು? ಈ ದಾರಿ ಹಿಡಿಯುವುದು ಹೆಗ್ಗಣಕ್ಕಿಂತ ಮನೆ ಇಲಿ ಜಾಸ್ತಿ. ಜಾಲರಿ ಸರಿಮಾಡಿ, ಸೋರುವ ಕಡೆ ಬಕೆಟ್ ಇಡಿ.

ಮುಚ್ಚುವುದು

ಹೆಬ್ಬೆರಳು ತೂರುವಷ್ಟು ಸಂದು ಇದ್ದರೆ ಇಲಿ ತೂರುತ್ತದೆ. ಪೆನ್ಸಿಲ್ ತೂರುವಷ್ಟಿದ್ದರೆ ಚಿಟ್ಟಿಲಿಗೆ ಸಾಕು. ಬರೀ ಸಿಮೆಂಟ್ ಮೆತ್ತಿದರೆ ಒಣಗುವ ಮೊದಲೇ ಕೆರೆದುಹಾಕುತ್ತದೆ. ನಮ್ಮ ಗೌಂಡಿಗಳು ಸಿಮೆಂಟಿಗೆ ಗಾಜಿನ ಚೂರು ಬೆರೆಸಿ ತುಂಬುವುದು ಹಳೇ ಪದ್ಧತಿ. ಅದು ಕೆಲಸ ಮಾಡುತ್ತದೆ. ಅದಕ್ಕಿಂತ ಒಳ್ಳೆಯದು ಒಳಗೆ ಕಬ್ಬಿಣದ ಜಾಲರಿ ತುರುಕಿ ಮೇಲೆ ಕಾಂಕ್ರೀಟ್ ಹಾಕುವುದು. ಮೋರಿ ಬಾಯಿಗೆ ಪ್ಲಾಸ್ಟಿಕ್ ಜಾಲರಿ ದಂಡ. ಕಬ್ಬಿಣದ್ದೇ ಹಾಕಿಸಿ, ಸ್ಕ್ರೂ ಬಿಗಿಸಿ. ಮರದ ಬಾಗಿಲಿನ ಕೆಳ ಅಂಚಿಗೆ ತಗಡಿನ ಪಟ್ಟಿ ಹೊಡೆಸಿ.

ಹೊರಗೋಡೆ ಗುಂಟ ಮತ್ತೆ ಮತ್ತೆ ಬಿಲ ಬೀಳುತ್ತಿದ್ದರೆ, ಒಂದಡಿ ಆಳಕ್ಕೆ ತೋಡಿ ಜಾಲರಿ ಇಳಿಸಿ, ತಳದಲ್ಲಿ ಅದನ್ನು ಹೊರಮುಖವಾಗಿ ಒಂದಡಿ ಮಡಚಿ ಮಣ್ಣು ಮುಚ್ಚಿ. ಹೆಗ್ಗಣ ಗೋಡೆಗೆ ಅಂಟಿಕೊಂಡು ಕೆಳಗೆ ತೋಡುತ್ತದೆ, ಜಾಲರಿ ಸಿಕ್ಕಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕೆ ಕಡಿಮೆ. ಖರ್ಚು ಇದೆ, ನಿಜ. ಆದರೆ ಅಡಿಪಾಯದ ಮಣ್ಣು ಖಾಲಿ ಆಗಿ ಗೋಡೆ ಬಿರುಕು ಬಿಟ್ಟ ಮೇಲೆ ಆಗುವ ಖರ್ಚು ಇದಕ್ಕಿಂತ ದೊಡ್ಡದು.

ಮುಚ್ಚುವ ಮುಂಚೆ ಒಳಗೆ ಯಾವುದೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮನೆಯೊಳಗಿನ ಬಾಯಿಯನ್ನು ಮೊದಲು ಮುಚ್ಚಿ, ಹೊರಗಿನದನ್ನು ಎರಡು ದಿನ ಬಿಟ್ಟು.

ತಿನ್ನಲು ಸಿಗದ ಹಾಗೆ

ನೆಲ್ಲು, ಜೋಳ, ಶೇಂಗಾ ಚೀಲ ನೆಲಕ್ಕೆ ಇಡಬೇಡಿ. ಮೂರು ಅಡಿ ಎತ್ತರದ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಒಟ್ಟಿ. ಆ ಒಂದಡಿ ಸುಮ್ನೆ ಬಿಟ್ಟ ಜಾಗ ಅಲ್ಲ. ನೀವು ಹಿಂದೆ ಹೋಗಿ ಹಿಕ್ಕೆ, ಮಣ್ಣು ನೋಡಲು ಅದೊಂದೇ ದಾರಿ. ಬಣವೆಯನ್ನು ಮನೆ ಗೋಡೆಗೆ ಆನಿಸಿ ಹಾಕಬೇಡಿ. ದನಕ್ಕೆ ಇಟ್ಟ ಹಿಂಡಿ, ನಾಯಿಗೆ ಹಾಕಿದ ಅನ್ನ ರಾತ್ರಿ ಹೊರಗೆ ಉಳಿಯಬಾರದು.

ಒಗ್ಗಾಣಿ ಮಿರ್ಚಿ ಬಂಡಿ ನಡೆಸುವವರಿಗೆ ಒಂದು ಮಾತು. ರಾತ್ರಿ ಬಂಡಿ ಮುಚ್ಚುವಾಗ ಉಳಿದ ಹಿಟ್ಟು, ಮಂಡಕ್ಕಿ ಚೂರು, ಎಣ್ಣೆ ಕಾಗದ ಪಕ್ಕದ ಮೋರಿಗೆ ಎಸೆದರೆ ಆ ಓಣಿಯಲ್ಲಿ ಎಷ್ಟು ಬೋನು ಇಟ್ಟರೂ ಹೆಗ್ಗಣ ಬೀಳುವುದಿಲ್ಲ. ಹೊಟ್ಟೆ ತುಂಬಿದ ಪ್ರಾಣಿ ಬೋನಿಗೆ ಯಾಕೆ ಹೋದೀತು? ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ಎಲೆಯ ನೊಣ ತೋರಿಸುವವರು ಎಲ್ಲ ಓಣಿಯಲ್ಲೂ ಇದ್ದಾರೆ. ‘ಪುರಸಭೆಯವರು ಏನೂ ಮಾಡುವುದಿಲ್ಲ’ ಅನ್ನುವ ಮೊದಲು ನಮ್ಮ ಮನೆ ಮುಂದಿನ ಮೋರಿಗೆ ಏನು ಬೀಳುತ್ತಿದೆ ಅಂತ ನೋಡಿಕೊಳ್ಳೋಣ.

ಬೋನು

ಚಿಟ್ಟಿಲಿ ಬೋನು ಹೆಗ್ಗಣಕ್ಕೆ ಆಗುವುದಿಲ್ಲ. ಬಾಗಿಲು ಬೀಳುವಾಗ ಅದರ ಬೆನ್ನು ಇನ್ನೂ ಹೊರಗೇ ಇರುತ್ತದೆ. ದಪ್ಪ ಸರಳಿನ ದೊಡ್ಡ ಬೋನು ಕೇಳಿ ತನ್ನಿ. ಹೊಸ ವಸ್ತು ಕಂಡರೆ ಇಲಿ ಜಾತಿಗೇ ಅನುಮಾನ. ಹಾಗಾಗಿ ಎರಡು ಮೂರು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ತಿನಿಸು ಇಟ್ಟು ಬಿಡಿ. ತಿಂದು ರೂಢಿ ಆದಮೇಲೆ ಬೋನು ಹೂಡಿ. ಗೋಡೆಗುಂಟ, ಅದು ಓಡಾಡುವ ದಾರಿಯಲ್ಲೇ ಇಡಬೇಕು, ಕೋಣೆ ನಡುವೆ ಅಲ್ಲ. ಒಣಮೀನು, ಹುರಿದ ಶೇಂಗಾ, ಕೊಬ್ಬರಿ ಚೂರು ಒಳ್ಳೆಯ ಆಮಿಷ. ಸುತ್ತಲೂ ನೆಲ್ಲೇ ತುಂಬಿರುವ ಗಿರಣಿಯಲ್ಲಿ ಅಕ್ಕಿ ಇಟ್ಟು ಕಾಯುವುದರಲ್ಲಿ ಅರ್ಥ ಇಲ್ಲ.

ಬಿದ್ದದ್ದನ್ನು ಏನು ಮಾಡುವುದು? ಗಣಪ್ಪನ ವಾಹನ ಅಂತ ಕೊಲ್ಲಲು ಮನಸ್ಸು ಬಾರದೆ ಊರಾಚೆ ಬಿಟ್ಟು ಬರುವವರಿದ್ದಾರೆ. ಅವರ ಮನಸ್ಸು ಒಳ್ಳೆಯದೇ, ಆದರೆ ಊರಾಚೆ ಅಂದರೆ ಇನ್ನೊಬ್ಬರ ಗದ್ದೆ ಅಲ್ವಾ? ಬೋನಿನಲ್ಲಿ ದಿನಗಟ್ಟಲೆ ಹಸಿವಿಗೆ ಬಿಡುವುದು, ನೀರಲ್ಲಿ ಮುಳುಗಿಸುವುದು, ಬೆಂಕಿ ಹಚ್ಚುವುದು ಬೇಡ. ಕೊಲ್ಲುವುದಾದರೆ ಒಂದೇ ಏಟಿಗೆ ಆಗಬೇಕು. ನಿಮ್ಮಿಂದ ಆಗದಿದ್ದರೆ ಆಗುವವರನ್ನು ಕರೆಯಿರಿ. ಗೋಂದಿನ ಹಲಗೆ ಮಾತ್ರ ತರಲೇ ಬೇಡಿ. ದೊಡ್ಡ ಹೆಗ್ಗಣ ಅದನ್ನು ಎಳೆದುಕೊಂಡೇ ಹೋಗುತ್ತದೆ. ಅಂಟಿಕೊಂಡು ನರಳುವುದು ಹಲ್ಲಿ, ಗುಬ್ಬಿ, ಮೂಗಿಲಿ.

ವಿಷ, ಬೇಕೇ ಬೇಕು ಅಂದರೆ

ಮನೆ, ಅಂಗಡಿಗೆ ಬ್ರೋಮಾಡಿಯೋಲೋನ್ ಬಿಲ್ಲೆ. ಇದರಲ್ಲಿ ವಿಷದ ಪ್ರಮಾಣ ಶೇ. 0.005 ಮಾತ್ರ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ತಿಂದ ಕೂಡಲೇ ಏನೂ ಆಗುವುದಿಲ್ಲವಾದ್ದರಿಂದ ಉಳಿದವಕ್ಕೆ ಅನುಮಾನ ಬರುವುದಿಲ್ಲ. ಮನುಷ್ಯರೋ ನಾಯಿಯೋ ತಿಂದರೆ ವಿಟಮಿನ್ ಕೆ ಕೊಟ್ಟು ಚಿಕಿತ್ಸೆ ಮಾಡಬಹುದು. ಆದರೂ ಬಿಲ್ಲೆಯನ್ನು ಬಿಲದೊಳಗೆ ಅಥವಾ ಮಕ್ಕಳ ಕೈ ತೂರದ ಮುಚ್ಚಿದ ಡಬ್ಬಿಯಲ್ಲೇ ಇಡಬೇಕು. ಪ್ಯಾಕೆಟ್ ಎಸೆಯಬೇಡಿ. ಹೆಚ್ಚುಕಡಿಮೆ ಆದರೆ ವೈದ್ಯರು ಮೊದಲು ಕೇಳುವುದು ಅದನ್ನೇ.

ಗದ್ದೆಗೆ ಜಿಂಕ್ ಫಾಸ್ಫೈಡ್. ಇದಕ್ಕೆ ಪ್ರತಿವಿಷ ಇಲ್ಲ, ನೆನಪಿರಲಿ. ಮನೆಯೊಳಗೆ ಯಾವತ್ತೂ ಬೇಡ. ಕೃಷಿ ಇಲಾಖೆ ಹೇಳುವ ಅಳತೆ 96 ಪಾಲು ನುಚ್ಚು, 2 ಪಾಲು ಅಡುಗೆ ಎಣ್ಣೆ, 2 ಪಾಲು ಮದ್ದು. ಅಂದರೆ ಒಂದು ಕೆಜಿಗೆ 960 ಗ್ರಾಂ ನುಚ್ಚು, 20 ಗ್ರಾಂ ಎಣ್ಣೆ, 20 ಗ್ರಾಂ ಮದ್ದು. ಮೊದಲು ಎರಡು ದಿನ ಮದ್ದಿಲ್ಲದ ಎಣ್ಣೆ ನುಚ್ಚನ್ನು ಜೀವ ಇರುವ ಬಿಲಗಳಿಗೆ ಇಟ್ಟು ರುಚಿ ಹತ್ತಿಸಿ. ಮೂರನೇ ದಿನ ಸಂಜೆ ಮದ್ದು ಬೆರೆಸಿದ್ದನ್ನು ಹತ್ತು ಗ್ರಾಂನಷ್ಟು ಕಾಗದದಲ್ಲಿ ಕಟ್ಟಿ ಬಿಲದ ಒಳಕ್ಕೆ ತಳ್ಳಿ. ಕೈಗವಸು ಹಾಕಿ, ಮೂಗು ಬಾಯಿ ಮುಚ್ಚಿಕೊಂಡು, ಬಯಲಲ್ಲಿ ನಿಂತು, ಕೋಲಿನಿಂದ ಕಲಸಿ. ಆ ಪಾತ್ರೆ ಮತ್ತೆ ಯಾವ ಕೆಲಸಕ್ಕೂ ಬೇಡ. ಬೆಳಗ್ಗೆ ಸತ್ತವನ್ನು ಹೆಕ್ಕಿ ಆಳಕ್ಕೆ ಹೂಳಿ. ಒಂದು ಸಲ ತಿಂದು ಬದುಕಿದ ಹೆಗ್ಗಣ ಬಹಳ ದಿನ ಅದನ್ನು ಮೂಸುವುದಿಲ್ಲ. ಹಾಗಾಗಿ ಒಂದು ಬೆಳೆಗೆ ಒಂದೇ ಸಲ, ಬೇಕಾದರೆ ಆಮೇಲೆ ಬ್ರೋಮಾಡಿಯೋಲೋನ್.

ಕಾಳು ಕೆಡದಂತೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಹೆಗ್ಗಣದ ಬಿಲಕ್ಕೆ ಹಾಕುವವರು ಇದ್ದಾರೆ. ತೇವ ತಗುಲಿದರೆ ಅದರಿಂದ ಫಾಸ್ಫೀನ್ ಅನ್ನುವ ಗಾಳಿ ಹೊರಡುತ್ತದೆ. ಅದಕ್ಕೂ ಪ್ರತಿವಿಷ ಇಲ್ಲ. ಪರಶಿ ಕೆಳಗಿನ ಸುರಂಗ ನಿಮ್ಮ ಮಲಗುವ ಕೋಣೆಗೂ ಹೋಗಿರಬಹುದು. ಸರ್ಕಾರದ ಅನುಮತಿ, ತರಬೇತಿ ಎರಡೂ ಇದ್ದವರು ಮಾತ್ರ ಅದನ್ನು ಬಳಸಬೇಕು. ಬದುವಿಗೆ ಕರೆಂಟ್ ತಂತಿ ಎಳೆಯುವುದು ಇದಕ್ಕಿಂತಲೂ ಕೆಟ್ಟದ್ದು. ನೀರು ನಿಂತ ಗದ್ದೆಯಲ್ಲಿ ಅದು ಹೆಗ್ಗಣಕ್ಕಿಂತ ಮೊದಲು ಆಳು ಮಕ್ಕಳನ್ನು ಕೊಲ್ಲುತ್ತದೆ. ಕಾನೂನಿನಲ್ಲೂ ಅಪರಾಧ.

ಗದ್ದೆಯವರಿಗೆ

ನೆಲ್ಲಿನ ಬುಡಕ್ಕಿಂತ ಸ್ವಲ್ಪ ಮೇಲೆ ಕುಡುಗೋಲು ಓರೆ ಹಿಡಿದು ಕತ್ತರಿಸಿದಂತೆ ತೆಂಡೆ ಬಿದ್ದಿದ್ದರೆ ಅದು ಹೆಗ್ಗಣದ ಕೆಲಸ. ಅದು ತಿನ್ನುವುದು ಸ್ವಲ್ಪ, ಬಿಲಕ್ಕೆ ಎಳೆದುಕೊಂಡು ಹೋಗಿ ಕೂಡಿಡುವುದು ಜಾಸ್ತಿ. ತೆನೆ ಬಂದ ಮೇಲೆ ಮದ್ದಿಟ್ಟರೆ ಪ್ರಯೋಜನ ಕಡಿಮೆ. ಎದುರಿಗೇ ಹಾಲುಗಾಳು ಇರುವಾಗ ನಿಮ್ಮ ನುಚ್ಚು ಯಾರಿಗೆ ಬೇಕು? ನಾಟಿ ಆದ ಆರು ವಾರದೊಳಗೆ ಕೆಲಸ ಮುಗಿಯಬೇಕು. ಅದಕ್ಕೂ ಮೊದಲು, ಕಾಲುವೆಗೆ ನೀರು ಬಿಡುವ ಮುಂಚೆ, ಬದು ಕೆತ್ತಿ ಸಣ್ಣದು ಮಾಡಿ. ಒಂದಡಿ ಅಗಲದ ಬದುವಿನಲ್ಲಿ ಸಂಸಾರ ಮಾಡಲು ಹೆಗ್ಗಣಕ್ಕೆ ಜಾಗ ಸಾಲದು. ಅಗಲ ಬದು, ಅದರ ಮೇಲೆ ಆಳೆತ್ತರ ಹುಲ್ಲು ಇದ್ದರೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ.

ಒಬ್ಬರೇ ಮಾಡಿದರೆ ಏನೂ ಆಗುವುದಿಲ್ಲ. ಒಂದು ವಿತರಣಾ ಕಾಲುವೆ ಕೆಳಗಿನ ರೈತರೆಲ್ಲ ಒಂದೇ ವಾರ ಕೂಡಿ ಮಾಡಬೇಕು. ಹೊರಗಿನಿಂದ ಬಂದು ನೆಲೆಸಿದ ಕ್ಯಾಂಪಿನವರು, ಊರವರು ಅಂತ ಬೇರೆ ಬೇರೆ ದಿನ ಇಟ್ಟುಕೊಂಡರೆ ಹೆಗ್ಗಣ ಈ ಬದುವಿನಿಂದ ಆ ಬದುವಿಗೆ ಹೋಗಿ ಬರುತ್ತದೆ ಅಷ್ಟೇ. ರೈತ ಸಂಪರ್ಕ ಕೇಂದ್ರದಲ್ಲಿ ಹತ್ತು ಜನ ಒಟ್ಟಾಗಿ ಹೋಗಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. ಕಿಸಾನ್ ಕಾಲ್ ಸೆಂಟರ್ 1800-180-1551ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಗದ್ದೆ ನಡುವೆ ಗೂಬೆ ಕೂರಲು ಟಿ ಆಕಾರದ ಕೋಲು ನೆಡಿ. ಕಣಜ ಗೂಬೆಯ ಊಟವೇ ಇಲಿ. ಗೂಬೆ ಕೂತರೆ ಅಪಶಕುನ ಅನ್ನುವವರು ಒಂದು ಬೆಳೆ ಸುಮ್ಮನಿದ್ದು ನೋಡಲಿ. ಆದರೆ ವಿಷ ತಿಂದು ಸತ್ತ ಇಲಿಯನ್ನು ಬಯಲಲ್ಲಿ ಬಿಟ್ಟರೆ ಅದನ್ನು ತಿಂದ ಗೂಬೆಯೂ ಸಾಯಬಹುದು. ಹೂಳಿ ಅಂದದ್ದು ಅದಕ್ಕೂ ಸೇರಿ.

ಕಟಾವು ಯಂತ್ರ ಗದ್ದೆಗೆ ಇಳಿದ ವಾರ ಊರೊಳಗಿನವರು ಹುಷಾರಾಗಬೇಕು. ಬೆಳೆ ಹೋದ ಮೇಲೆ ಹೆಗ್ಗಣ ಬಣವೆ, ಕೊಟ್ಟಿಗೆ, ಮನೆ ಕಡೆ ತಿರುಗುತ್ತದೆ. ಮೋರಿ ಜಾಲರಿ ಸರಿಮಾಡಿಸಲು ಅದಕ್ಕಿಂತ ಮುಂಚಿನ ದಿನಗಳೇ ಸರಿಯಾದ ಹೊತ್ತು.

ನಿಜವಾಗಿ ಹೊರಗಿನಿಂದ ಬಂದದ್ದು

ಹೊರದೇಶದ ಪಿಡುಗು ಅಂತ ಹೆದರುವುದಾದರೆ ಆಫ್ರಿಕಾದ ದೊಡ್ಡ ಬಸವನಹುಳುವಿಗೆ ಹೆದರಿ. 1847ರಲ್ಲಿ ಕೋಲ್ಕತ್ತಕ್ಕೆ ಬಂದದ್ದು ದೇಶದ ಎಷ್ಟೋ ಕಡೆ ಹಬ್ಬಿದೆ. ನರ್ಸರಿ ಸಸಿಯ ಮಣ್ಣಿನಲ್ಲಿ ಇದರ ಮೊಟ್ಟೆ ಬರುತ್ತದೆ. ಹೊರಗಿನಿಂದ ಪಪ್ಪಾಯಿ, ಹೂವಿನ ಸಸಿ ತಂದವರು ಕುಂಡದ ಬುಡ ಕೆದಕಿ ನೋಡಿ. ಇಲಿಯ ಮೈಯಲ್ಲಿರುವ ಒಂದು ಜಾತಿಯ ಹುಳ ಬಸವನಹುಳುವಿನಿಂದ ಮನುಷ್ಯರಿಗೂ ಬಂದು ಮಿದುಳಿಗೆ ಏರಬಲ್ಲದು. ಹಾಗಾಗಿ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಎಲೆ ಹರಡಿ. ಬೆಳಗ್ಗೆ ಅಲ್ಲಿ ಸೇರಿದ್ದನ್ನು ಕೈಗವಸು ಹಾಕಿ ಹೆಕ್ಕಿ, ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕಿ, ಆಮೇಲೆ ಹೂಳಿ. ಉಪ್ಪನ್ನು ಹೊಲಕ್ಕೇ ಚೆಲ್ಲಬೇಡಿ, ಮಣ್ಣು ಕೆಡುತ್ತದೆ.

ಅಕ್ವೇರಿಯಂ ಮೀನು ಸಾಕಿ ಬೇಸರ ಆದವರು ಅದನ್ನು ಕಾಲುವೆಗೆ ಬಿಡಬಾರದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೇ ನಿಷೇಧ ಇದೆ.

ಕಚ್ಚಿದರೆ, ಜ್ವರ ಬಂದರೆ

ಇಲಿ ಕಚ್ಚಿದ ಗಾಯವನ್ನು ಸೋಪು ಹಾಕಿ, ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು, ಬೇರೆ ಔಷಧ ಬೇಕೋ ಅಂತ ವೈದ್ಯರು ನೋಡುತ್ತಾರೆ.

ಹಿಕ್ಕೆ ಬಿದ್ದ ಜಾಗವನ್ನು ಒಣ ಕಸಬರಿಗೆಯಲ್ಲಿ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ. ಇಲಿಯ ಉಚ್ಚೆ ಬೆರೆತ ನೀರಿನಿಂದ ಇಲಿ ಜ್ವರ ಬರುತ್ತದೆ. ಕಾಲಲ್ಲಿ ಗಾಯ ಇಟ್ಟುಕೊಂಡು ಕೆಸರು ಗದ್ದೆಗೆ, ಮೋರಿ ಕೆಲಸಕ್ಕೆ ಇಳಿಯುವವರಿಗೆ ಅಪಾಯ ಜಾಸ್ತಿ. ಜೋರು ಜ್ವರ, ಮೀನಖಂಡದ ಸೆಳೆತ, ಕಣ್ಣು ಕೆಂಪು ಕಂಡರೆ ‘ನಾಟಿ ಮಾಡಿ ಮೈಕೈ ನೋವು’ ಅಂತ ಮಾತ್ರೆ ನುಂಗಿ ಮಲಗಬೇಡಿ. ಗದ್ದೆಗೆ ಇಳಿದಿದ್ದೆ, ಹೆಗ್ಗಣ ಇವೆ ಅಂತ ವೈದ್ಯರಿಗೆ ನೀವಾಗಿಯೇ ಹೇಳಿ. ಬೇಗ ಗೊತ್ತಾದರೆ ಸಾಮಾನ್ಯ ಔಷಧದಲ್ಲೇ ವಾಸಿ ಆಗುತ್ತದೆ, ತಡ ಆದರೆ ಮೂತ್ರಪಿಂಡ, ಯಕೃತ್ತಿಗೆ ಏಟು.

ಯಾರಾದರೂ ಇಲಿ ಪಾಷಾಣ ತಿಂದದ್ದು ಗೊತ್ತಾದರೆ, ಆರಾಮಾಗಿ ಕಂಡರೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸಲು ಹೋಗಬೇಡಿ. ಪ್ಯಾಕೆಟ್ ಜೊತೆಗೆ ಒಯ್ಯಿರಿ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಸಂಖ್ಯೆ 1800-116-117. ನಾಯಿಯೋ ಕರುವೋ ತಿಂದಿದ್ದರೆ ಪಶು ಸಹಾಯವಾಣಿ 1962.